ಸರ್ಕಾರಿ ಖಾಲಿ ಜಾಗಾದಾಗ ಬಡವರ ಮನಿ ಆಗ್ಬೇಕಂದ್ರ ಏನೇನ ಮಾಡ್ಬೇಕು

ಹುಬ್ಬಳ್ಳಿ, ಧಾರವಾಡ, ಗದಗದಾಗ ಬಾಡಗಿ ಕಟ್ಟಿ ಕಟ್ಟಿ ಸಾಕಾದ ಮಂದಿ ಆಫೀಸಿಗೆ ಹೋಗಿ "ಸಾಹೇಬ್ರ, ನಮಗೊಂದ ಮನಿ ಕೊಡ್ರಿ" ಅಂತ ಅರ್ಜಿ ಕೊಟ್ಟ ಬರ್ತಾರ, ಅಲ್ಲಿಂದ ಬರೂ ಉತ್ತರ ಒಂದ, "ಜಾಗಾ ಇಲ್ರಿ". ಅದಕ್ಕ ಮನಿ ಕೇಳೂಕಿಂತ ಮೊದ್ಲ ಜಾಗಾ ತೋರಸ್ರಿ. ಸರ್ವೆ ನಂಬರ್, ನಕಾಶಿ, ಫೋಟೋ ಹಿಡ್ಕೊಂಡ ಹೋದವರಿಗೆ ಜಾಗಾ ಇಲ್ಲ ಅನ್ನಾಕ ಬರೂದಿಲ್ಲ, ಬ್ಯಾರೆ ಏನರ ನೆವ ಹುಡಕ್ಬೇಕಾಗ್ತೈತಿ.

ಹುಡುಕೂದು ಭಾಳ ಕಠಿಣ ಇಲ್ಲ. ಪಾಳ ಬಿದ್ದ ಕ್ವಾರ್ಟರ್ಸು, ಬಂದ್ ಆದ ಗೋದಾಮು, ಜಾಲಿ ಬೆಳದ ಮೂಲಿ ಜಾಗಾ ನಿಮ್ಮ ಓಣಿ ಸುತ್ತಮುತ್ತ ಇದ್ದ ಇರ್ತಾವ. ಅಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತಗದ್ರ ಸರ್ವೆ ನಂಬರ್ ತೋರಸ್ತೈತಿ, ಆ ನಂಬರಿನ ಉತಾರ (ಪಹಣಿ) ತಗಸಿ 9ನೇ ಕಾಲಂನಾಗ ಯಾರ ಹೆಸರೈತಿ ನೋಡ್ರಿ, 11ನೇದ್ರಾಗ ಏನರ ತಕರಾರು ಬರದಾರೇನ ಅದನ್ನೂ ನೋಡ್ರಿ. ಊರೊಳಗಿನ ಜಾಗಾ ಆದ್ರ ಉತಾರ ನಡಿಯೂದಿಲ್ಲ, ಸಿಟಿ ಸರ್ವೆ ಆಫೀಸಿನಾಗ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಹೇಳಿ ಪ್ರಾಪರ್ಟಿ ಕಾರ್ಡ್ ತಗಸ್ಬೇಕು. ಹುಬ್ಬಳ್ಳ್ಯಾಗ ರೈಲ್ವೆ ಜಾಗಾ ಬೇಕಾದಷ್ಟ ಕಾಣ್ತಾವ, ಆದ್ರ ಅವು ಕೇಂದ್ರದವು, ನಮ್ಮ ಡಿಸಿ ಸಾಹೇಬ್ರು ಕೊಡಾಕ ಬರೂದಿಲ್ಲ, ಸುಮ್ನ ಅದರ ಬೆನ್ನ ಹತ್ತಬ್ಯಾಡ್ರಿ.

ಉತಾರದಾಗ ಸರ್ಕಾರ ಅಂತ ಇದ್ದಕೂಡ್ಲೇ ಎಲ್ಲಾ ಆತು ಅಂತಿಲ್ಲ. ಕೆರಿ, ಹಳ್ಳ, ಸ್ಮಶಾನ, ದಾರಿ ಇವು ಬಿ ಖರಾಬಿನಾಗ, ಅಂದ್ರ ಸಾರ್ವಜನಿಕರಿಗಂತ ಬಿಟ್ಟ ಜಾಗಾದಾಗ ಬರ್ತಾವ, ಮುಟ್ಟಬ್ಯಾಡ್ರಿ. ಲೇಔಟಿನ ಪಾರ್ಕ್ ಜಾಗಾನೂ ಕೇಳಬ್ಯಾಡ್ರಿ, ಪಾರ್ಕ್ ಉಳಸಾಕಂತ ಇರೂ 1985ರ ಕಾಯ್ದೆ ಅಡ್ಡ ಬರ್ತೈತಿ. ಗಾಯರಾಣ (ದನ ಮೇಯಸೂ ಗೋಮಾಳ) ಆದ್ರ ನೂರು ದನಕ್ಕ 12 ಹೆಕ್ಟೇರ್ ಮೇವಿಗೆ ಬಿಡ್ಬೇಕಂತ ನಿಯಮ ಐತಿ, ಅದಕ್ಕಿಂತ ಹೆಚ್ಚಿಗಿ ಉಳದಿದ್ರ ಮಾತ್ರ ಕೇಳೂದು ಚಲೋ, ಇಲ್ಲಂದ್ರ ಊರಾಗಿನ ದನ ಸಾಕೂ ಮಂದೀನ ಕೋರ್ಟಿಗೆ ಹೋಗ್ತಾರ, ಅವರ್ದೂ ತಪ್ಪಲ್ಲ. ಇನ್ನ ಅಲ್ಲಿ ಆಗ್ಲೇ ಗುಡಿಸಲ ಹಾಕ್ಕೊಂಡವ್ರು ಇದ್ರ ಅವರನ್ನ ಎಬ್ಬಿಸಿ ಇನ್ನೊಬ್ಬ ಬಡವರಿಗೆ ಕಟ್ಟೂ ಕೆಲಸಕ್ಕ ಕೈ ಹಾಕಬ್ಯಾಡ್ರಿ, ಭೂಕಂದಾಯ ಕಾಯ್ದೆದಾಗ ಹಳ್ಳ್ಯಾಗಾದ್ರ 94ಸಿ, ಪಟ್ಟಣದಾಗಾದ್ರ 94ಸಿಸಿ ಕಲಂ ಒಳಗ ಅವರ ಮನಿ ಸಕ್ರಮ ಆಗ್ತೈತೇನ ಮೊದ್ಲ ಕೇಳ್ರಿ.

ಮಣ್ಣ ನೋಡೂದ ಮಾತ್ರ ಯಾರೂ ಮಾಡೂದಿಲ್ಲ. ನಮ್ಮ ಕಡೆ ಎರಿ ನೆಲ, ಗದಗ ನವಲಗುಂದ ಕಡೆ ಅಂತೂ ಬ್ಯಾಸಿಗ್ಯಾಗ ಕೈ ಇಳಿಯುವಷ್ಟ ಬಿರಕು ಬಿಡ್ತೈತಿ, ಮಳಿಗಾಲದಾಗ ಉಬ್ಬತೈತಿ. ಮೂರಡಿ ತಗ್ಗ ತೋಡಿ ಪಾಯ ಹಾಕಿದ್ರ ಎರಡ ವರ್ಷದಾಗ ಕಿಡಕಿ ಮೂಲಿಯಿಂದ ಗ್ವಾಡಿ ಸೀಳ್ತೈತಿ. ಗಟ್ಟಿ ಮುರಂ ಎಷ್ಟ ಆಳಕ್ಕ ಸಿಗ್ತೈತಿ ಅಂತ ಬಾಜೂಕ ಬಾವಿ ತೋಡಿದವ್ರನ್ನ ಕೇಳ್ರಿ, ಮ್ಯಾಲ ಎಂಜಿನಿಯರ್ ಕಡಿಂದ ಮಣ್ಣ ಪರೀಕ್ಷಾ ಮಾಡಸ್ರಿ. ಎರಿ ಭಾಳ ಆಳ ಇದ್ರ ಪಾಯದ ಖರ್ಚೇ ಪುಗಸಟ್ಟೆ ಸಿಕ್ಕ ಜಾಗಾದ ಲಾಭ ತಿಂದಬಿಡ್ತೈತಿ.

ನನ್ನ ಕೇಳಿದ್ರ ದೂರ ಇರೂ ಹತ್ತೆಕರೆಗಿಂತ ಊರೊಳಗಿನ ಅರ್ಧ ಎಕರೆ ಚಲೋ. ಹುಬ್ಬಳ್ಳಿ ದುರ್ಗದಬೈಲ ಮಾರ್ಕೆಟ್ಟಿನಾಗ ಕಾಯಿಪಲ್ಲೆ ಮಾರಾಕಿಗೆ ಬೈಪಾಸ್ ಆಚೆ ಮನಿ ಕೊಟ್ರ ದಿನಾ ಆಟೋಕ್ಕ ಎಷ್ಟ ಕೊಡ್ಬೇಕು ಆಕಿ? ಕೀಲಿ ಹಾಕಿ ಮತ್ತ ಹಳೇ ಬಾಡಗಿ ಮನಿಗೇ ಬರ್ತಾಳ. ಹಂಗ ಗದಗ ಬೆಟಗೇರಿ ನೇಕಾರರಿಗೆ ಮೂರನೇ ಮಾಳಿಗಿ ಫ್ಲಾಟ್ ಕೊಟ್ರ ನೆಲದಾಗ ತಗ್ಗ ತೋಡಿ ಕೂಡಸೂ ಕುಣಿ ಮಗ್ಗ ಎಲ್ಲಿ ಇಳಸೂದು? ಯಾರ ಇರ್ತಾರ, ಏನ ಕೆಲಸ ಮಾಡ್ತಾರ ಅನ್ನೂದನ್ನ ಪ್ಲಾನ್ ಬರಿಯೂ ಮೊದ್ಲ ಹೇಳ್ರಿ, ನೆಲದ ಮ್ಯಾಲಿನ ಮನಿ ಮಗ್ಗದವರಿಗೆ, ವಯಸ್ಸಾದವರಿಗೆ ಇರ್ಲಿ.

ಅರ್ಜಿ ಡಿಸಿ ಹೆಸರಿಗೆ ಬರೀರಿ, 1964ರ ಭೂಕಂದಾಯ ಕಾಯ್ದೆ 71ನೇ ಕಲಂ ಪ್ರಕಾರ ಈ ಜಾಗಾ ವಸತಿಗೆ ಕಾಯ್ದಿರಿಸ್ರಿ ಅಂತ ಸ್ಪಷ್ಟ ಇರ್ಲಿ, ಕಾಪಿ ತಹಶೀಲ್ದಾರರಿಗೆ, ಪಾಲಿಕೆ ಇಲ್ಲಾ ಪುರಸಭೆಗೆ, ಎಂಎಲ್‌ಎ ಅವರಿಗೆ. ಪಟ್ಟಣದಾಗ ಮನಿ ಯಾರಿಗೆ ಅಂತ ಆರಿಸೂ ಆಶ್ರಯ ಸಮಿತಿಗೆ ಎಂಎಲ್‌ಎ ಅವರೇ ಅಧ್ಯಕ್ಷರು, ಅವರನ್ನ ಬಿಟ್ಟು ಫೈಲ್ ಮುಂದ ಹೋಗೂದಿಲ್ಲ, ಹಳ್ಳ್ಯಾಗ ಗ್ರಾಮಸಭಾದಾಗ ಠರಾವ್ ಮಾಡಸ್ರಿ. ಇನ್‌ವರ್ಡ್ ನಂಬರ್ ಬರಸ್ಕೊಳ್ದ ಹೊರಗ ಬರಬ್ಯಾಡ್ರಿ. ಸುದ್ದಿ ಇಲ್ಲಂದ್ರ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಆರ್‌ಟಿಐ ಹಾಕ್ರಿ, ನಮ್ಮ ರಾಜ್ಯದಾಗ 150 ಶಬ್ದದೊಳಗ ಒಂದ ವಿಷಯ ಅಷ್ಟ ಕೇಳ್ಬೇಕು, ಹೆಚ್ಚಿಗಿ ಬರದ್ರ ಅದನ್ನ ನೆವ ಮಾಡಿ ತಿರಗಿಸಿ ಕಳಸ್ತಾರ, ಉತ್ತರಕ್ಕ 30 ದಿನ.

ಮನಿ ಕಟ್ಟಾಕ ರೊಕ್ಕಕ್ಕ 2024ರಾಗ ಶುರುವಾದ ಪಿಎಂ ಆವಾಸ್ ನಗರ 2.0 ಐತಿ. ವರ್ಷದ ಆದಾಯ 3 ಲಕ್ಷದೊಳಗ ಇದ್ದವ್ರು, ದೇಶದಾಗ ಎಲ್ಲೂ ಪಕ್ಕಾ ಮನಿ ಇಲ್ಲದವ್ರು ಇದಕ್ಕ ಬರ್ತಾರ, ಮನಿ 30ರಿಂದ 45 ಚದರ ಮೀಟರ್. ಆಧಾರ್, ಆದಾಯ ಪ್ರಮಾಣಪತ್ರ, ಮನಿ ಹೆಣಮಗಳ ಹೆಸರಿನ ಕಾಗದಪತ್ರ ಮೊದ್ಲ ಸರಿ ಮಾಡಿ ಇಟ್ಕೋರಿ, ಆಧಾರ್‌ನಾಗ ಒಂದ ಹೆಸರು ರೇಷನ್ ಕಾರ್ಡಿನಾಗ ಒಂದ ಹೆಸರು ಇದ್ರ ಅಲ್ಲೇ ಸಿಕ್ಕಬೀಳ್ತೀರಿ.

ಇನ್ನೊಂದ ಮಾತು, ರಸ್ತಾಕ್ಕ ಹತ್ತಿದ ಬಾಜೂಕ ನಾಕೈದು ಅಂಗಡಿ ಕಟ್ಟಿಸಿ ಅದರ ಬಾಡಗಿ ಅಲ್ಲಿ ಇರೂ ಮಂದಿ ಸಂಘಕ್ಕ ಬರೂ ಹಂಗ ಮಾಡಸ್ರಿ, ಪಂಪಿನ ಕರೆಂಟ್ ಬಿಲ್, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಸೂ ಖರ್ಚು ಅದರಾಗ ಹೊಂಟ್ರ ತಿಂಗಳಾ ತಿಂಗಳಾ ಮನಿ ಮನಿಗೆ ಪಟ್ಟಿ ಎತ್ತೂದು ತಪ್ತೈತಿ.