ಸಾಲಾಗಿ ಸೋಲುವ ಬೇಸ್‌ಬಾಲ್ ತಂಡದ ಲೆಕ್ಕ ಇಡುವುದು ಹೇಗೆ

ಮೆಚ್ಚಿದ ತಂಡ ಸಾಲಾಗಿ ಎಂಟು ಪಂದ್ಯ ಸೋತಾಗ ಅಭಿಮಾನಿಗೆ ಎರಡೇ ಕೆಲಸ ಉಳಿಯುತ್ತವೆ. ಒಂದು, ಮ್ಯಾನೇಜರನನ್ನು ಬೈಯುವುದು. ಇನ್ನೊಂದು, ಪಂದ್ಯ ಎಲ್ಲಿ ಕೈತಪ್ಪುತ್ತಿದೆ ಎಂದು ಹುಡುಕುವುದು. ಬೈಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಬುರಗಿಯಲ್ಲಿ ಕೂತು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ನೋಡುವವರಿಗೆ ಹುಡುಕುವ ಕೆಲಸ ಹೇಗೆಂದು ಇಲ್ಲಿದೆ.

ಮೊದಲು ಕ್ರಿಕೆಟ್ಟಿನ ಅಳತೆಗೋಲನ್ನು ಬದಿಗಿಡಿ. 2024ರ ಐಪಿಎಲ್‌ನಲ್ಲಿ ಆರ್‌ಸಿಬಿ ಸಾಲಾಗಿ ಆರು ಸೋತು, ಆಮೇಲೆ ಸಾಲಾಗಿ ಆರು ಗೆದ್ದು ಪ್ಲೇಆಫ್ ಮುಟ್ಟಿತು. ಹದಿನಾಲ್ಕು ಲೀಗ್ ಪಂದ್ಯಗಳಲ್ಲಿ ಆರು ಸೋಲೆಂದರೆ ಶೇಕಡ 43. ನಮ್ಮ ಗುಲ್ಬರ್ಗಾ ಮಿಸ್ಟಿಕ್ಸ್ 2022ರಲ್ಲಿ ಗೆದ್ದ ಮಹಾರಾಜ ಟ್ರೋಫಿಯಲ್ಲಿ ಲೀಗ್ ಹಂತ ಹತ್ತೇ ಪಂದ್ಯದ್ದು. ಅಲ್ಲಿ ಸಾಲಾಗಿ ನಾಲ್ಕು ಸೋತರೆ ಮೂಟೆ ಕಟ್ಟುವುದೇ. ಬೇಸ್‌ಬಾಲ್‌ನಲ್ಲಿ ಪಂದ್ಯ 162. ಆರು ಸೋಲು ಶೇಕಡ 4ಕ್ಕೂ ಕಡಿಮೆ. ನೂರು ಪಂದ್ಯ ಗೆದ್ದ ತಂಡ ಆ ವರ್ಷದ ಅತ್ಯುತ್ತಮ ತಂಡಗಳಲ್ಲೊಂದು ಅನಿಸಿಕೊಳ್ಳುತ್ತದೆ, ಅದು ಕೂಡ 62 ಸಲ ಸೋತಿರುತ್ತದೆ. ಚಹಾದಂಗಡಿಯಲ್ಲಿ ಯಾರಾದರೂ “ಏನ್ರೀ, ನಿಮ್ಮ ಟೀಮು ಇವತ್ತೂ ಸೋತದೇನು?” ಅಂದರೆ ಈ ಲೆಕ್ಕ ಹೇಳಿ. ಕೇಳಿದವರು ನಂಬುವುದಿಲ್ಲ, ಅದು ಬೇರೆ ಮಾತು.

ಎಷ್ಟು ಸೋಲಿನವರೆಗೆ ಸುಮ್ಮನಿರಬೇಕು? ಸರಿಯಾಗಿ ಅರ್ಧ ಗೆದ್ದು ಅರ್ಧ ಸೋಲುವ ಸಾಧಾರಣ ತಂಡವನ್ನು ತೆಗೆದುಕೊಳ್ಳಿ. ನಾಣ್ಯ ಚಿಮ್ಮಿದ ಹಾಗೆ ಲೆಕ್ಕ ಹಾಕಿದರೂ ಸೀಸನ್ನಿನಲ್ಲಿ ಒಮ್ಮೆಯಾದರೂ ಸಾಲಾಗಿ ಐದು ಸೋಲುವ ಸಾಧ್ಯತೆ ಶೇಕಡ 90ರ ಮೇಲೆ. ಸಾಲಾಗಿ ಎಂಟು ಸೋಲುವುದು ಸುಮಾರು ನಾಲ್ಕರಲ್ಲಿ ಒಂದು. ಹತ್ತರಲ್ಲಿ ನಾಲ್ಕೇ ಗೆಲ್ಲುವ ದುರ್ಬಲ ತಂಡಕ್ಕೆ ಸಾಲಾಗಿ ಹತ್ತು ಸೋಲುವ ಸಾಧ್ಯತೆ ಸುಮಾರು ಶೇಕಡ 30. ಹೀಗಾಗಿ ಐದರವರೆಗೆ ಲೆಕ್ಕದ ಪುಸ್ತಕ ತೆರೆಯುವುದೇ ಬೇಡ. ಆರನೆಯ ಸೋಲಿಗೆ ತೆರೆಯಿರಿ, ಹಿಂದಿನ ಐದನ್ನೂ ತುಂಬಿ.

ಪುಸ್ತಕ ಮತ್ತು ವೇಳೆ

ಅಡ್ಡಗೆರೆಯ ಒಂದು ಲಾಂಗ್‌ಬುಕ್, ಸ್ಕೇಲು, ಪೆನ್ಸಿಲ್ ಸಾಕು. ಪೆನ್ನು ಬೇಡ: ಹಿಟ್ (ಚೆಂಡು ಹೊಡೆದು ಬೇಸ್ ಎಂಬ ನಿಲ್ದಾಣ ತಲುಪಿದ್ದು) ಎಂದು ಬರೆದದ್ದನ್ನು ಅಧಿಕೃತ ಸ್ಕೋರರ್ ಆಮೇಲೆ ಎರರ್ (ಫೀಲ್ಡರ್ ಮಾಡಿದ ತಪ್ಪು) ಎಂದು ಬದಲಿಸುವುದುಂಟು. ಪುಟ ಅಡ್ಡ ಹಿಡಿದು ಕಾಲಂ ಎಳೆಯಿರಿ: ತಾರೀಖು, ಎದುರಾಳಿ, ತವರೋ ಹೊರಗೋ, ಹೊಡೆದ ರನ್, ಕೊಟ್ಟ ರನ್, ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್, ಅಂದರೆ ಚೆಂಡೆಸೆಯುವವನು) ಆಡಿದ ಇನಿಂಗ್ಸ್, ಬುಲ್‌ಪೆನ್ (ಅವನ ನಂತರ ಬರುವ ಪಿಚರ್‌ಗಳು) ಕೊಟ್ಟ ರನ್, ಕೊಟ್ಟ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್), ಬೇಸ್ ಮೇಲೆ ಉಳಿದವರು, ಆರನೇ ಇನಿಂಗ್ಸ್ ಮುಗಿದಾಗಿನ ಸ್ಕೋರು. ಕೊನೆಯ ಕಾಲಂ ಹೆಚ್ಚು ಬೇಕಾದದ್ದು, ಜನ ಬಿಟ್ಟುಬಿಡುವುದೂ ಅದನ್ನೇ.

ತಾರೀಖು ಅಮೆರಿಕದ್ದನ್ನೇ ಬರೆಯಿರಿ. ಅಲ್ಲಿ ಮಂಗಳವಾರ ಸಂಜೆಯ ಪಂದ್ಯ ಇಲ್ಲಿ ಬುಧವಾರ ಬೆಳಿಗ್ಗೆ ಬರುತ್ತದೆ. ನಮ್ಮ ತಾರೀಖು ಬರೆದರೆ ಬಾಕ್ಸ್ ಸ್ಕೋರ್‌ಗೂ (ಪಂದ್ಯದ ಪೂರ್ತಿ ಅಂಕಿಪಟ್ಟಿ) ಪುಸ್ತಕಕ್ಕೂ ತಾಳೆಯಾಗದೆ, ಒಂದೇ ದಿನ ಎರಡು ಪಂದ್ಯ ಆಡಿದಾಗ ಪೂರಾ ಗೊಂದಲ. ಸೀಸನ್ನಿನ ಹೊತ್ತಿಗೆ ನ್ಯೂಯಾರ್ಕ್ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಕ್ಯಾಲಿಫೋರ್ನಿಯಾದ್ದು ಹನ್ನೆರಡೂವರೆ ಗಂಟೆ ಹಿಂದೆ. ಪೂರ್ವ ಕರಾವಳಿಯ 7.05ರ ಸಂಜೆ ಪಂದ್ಯ ನಮಗೆ ಬೆಳಗಿನ ಜಾವ 4.35ಕ್ಕೆ, ಪಶ್ಚಿಮದ 7.10ರದ್ದು ಬೆಳಿಗ್ಗೆ 7.40ಕ್ಕೆ, ಭಾನುವಾರ ಮಧ್ಯಾಹ್ನ 1.05ರದ್ದು ರಾತ್ರಿ 10.35ಕ್ಕೆ. ಏಪ್ರಿಲ್–ಮೇನಲ್ಲಿ ಹೇಗೂ ಮಾಳಿಗೆ ಮೇಲೆ ಮಲಗುವವರಿಗೆ ನಸುಕಿನ ಪಂದ್ಯ ಸುಲಭ. ಆದರೆ ಸೋಲುವ ತಂಡಕ್ಕಾಗಿ ದಿನಾ ನಾಲ್ಕೂವರೆಗೆ ಏಳುವುದು ಬೇಡ. ಸುಸ್ಲಾ ತಿನ್ನುವ ಹೊತ್ತಿಗೆ ಬಾಕ್ಸ್ ಸ್ಕೋರ್ ತೆರೆದರೆ ಎಲ್ಲ ಕಾಲಂ ಹತ್ತು ನಿಮಿಷದಲ್ಲಿ ತುಂಬುತ್ತವೆ.

ತುಂಬುವಾಗ ಎರಡು ಕಡೆ ಕೈ ತಪ್ಪುತ್ತದೆ. ಸ್ಟಾರ್ಟರ್ 4.2 ಇನಿಂಗ್ಸ್ ಅಂದರೆ ನಾಲ್ಕು ಇನಿಂಗ್ಸ್ ಮತ್ತು ಎರಡು ಔಟ್. ಕ್ರಿಕೆಟ್ಟಿನ ಓವರ್ ಬರೆಯುವ ರೀತಿಯೇ. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 4.2ಕ್ಕೆ 5.2 ಕೂಡಿದರೆ 9.4 ಬರುತ್ತದೆ, ಅದು ತಪ್ಪು. ಇನಿಂಗ್ಸಿಗೆ ಮೂರರಂತೆ ಔಟ್‌ಗಳಿಗೆ ಇಳಿಸಿ: 14 ಮತ್ತು 17, ಒಟ್ಟು 31, ಅಂದರೆ 10.1. ಎರಡನೆಯದು, ಹೊರಗೆ ಆಡಿ ಸೋತಾಗ ನಿಮ್ಮ ಪಿಚರ್‌ಗಳು ಸಾಮಾನ್ಯವಾಗಿ ಎಂಟೇ ಇನಿಂಗ್ಸ್ ಎಸೆದಿರುತ್ತಾರೆ. ಮುನ್ನಡೆಯಲ್ಲಿರುವ ತವರು ತಂಡ ಒಂಬತ್ತನೆಯದರಲ್ಲಿ ಬ್ಯಾಟ್ ಮಾಡುವುದೇ ಇಲ್ಲ. ಪಂದ್ಯಕ್ಕೆ ಒಂಬತ್ತು ಎಂದು ಭಾಗಿಸಿದರೆ ಹೊರಗಿನ ಸೋಲುಗಳಲ್ಲಿ ಪಿಚಿಂಗ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಎಷ್ಟು ಗೆಲ್ಲಬೇಕಿತ್ತು

ಹತ್ತು ಹನ್ನೆರಡು ಪಂದ್ಯ ತುಂಬಿದ ಮೇಲೆ ಬಿಲ್ ಜೇಮ್ಸ್ ಎಂಬ ಅಂಕಿಅಂಶ ಬರಹಗಾರರ ಸೂತ್ರ ಹಚ್ಚಿ. ಹೊಡೆದ ರನ್ನಿನ ವರ್ಗವನ್ನು, ಹೊಡೆದ ರನ್ನಿನ ವರ್ಗ ಮತ್ತು ಕೊಟ್ಟ ರನ್ನಿನ ವರ್ಗದ ಮೊತ್ತದಿಂದ ಭಾಗಿಸುವುದು, ಅಷ್ಟೇ. ಹನ್ನೆರಡು ಪಂದ್ಯದಲ್ಲಿ ತಂಡ 46 ಹೊಡೆದು 66 ಕೊಟ್ಟಿದೆ ಅನ್ನಿ. 2116 ಭಾಗಿಸು 6472, ಬಂದದ್ದು 0.327. ಹನ್ನೆರಡರಿಂದ ಗುಣಿಸಿದರೆ ಸುಮಾರು ನಾಲ್ಕು ಗೆಲುವು. ಗೆದ್ದದ್ದು ಒಂದೇ ಆದರೆ ಮೂರು ಪಂದ್ಯ ಅದೃಷ್ಟ ನುಂಗಿದೆ, ಅಥವಾ ಕೊನೆಯ ಇನಿಂಗ್ಸ್‌ಗಳಲ್ಲಿ ಬುಲ್‌ಪೆನ್ ನುಂಗಿದೆ. ಅದೇ 30 ಹೊಡೆದು 84 ಕೊಟ್ಟಿದ್ದರೆ ಉತ್ತರ 0.113, ಅಂದರೆ ಒಂದೂ ಚಿಲ್ಲರೆ ಗೆಲುವು. ಆಗ ಅದೃಷ್ಟದ ಮಾತೇ ಬೇಡ, ತಂಡ ಇರುವುದೇ ಹಾಗೆ.

14–1ರಂಥ ಒಂದು ಮಹಾಸೋಲು ಸೇರಿದ್ದರೆ ಅದನ್ನು ಇಟ್ಟು ಒಮ್ಮೆ, ತೆಗೆದು ಒಮ್ಮೆ ಲೆಕ್ಕ ಮಾಡಿ. ಹನ್ನೆರಡು ಪಂದ್ಯದ ರಾಶಿಯಲ್ಲಿ ಅದೊಂದೇ ಉತ್ತರವನ್ನು ಎಳೆದಾಡುತ್ತದೆ. ಇಡೀ ಸೀಸನ್ನಿಗೆ ಸೂತ್ರ ಗಟ್ಟಿಯಾಗಿ ನಿಲ್ಲುತ್ತದೆ: 2024ರಲ್ಲಿ 121 ಪಂದ್ಯ ಸೋತ ಶಿಕಾಗೊ ವೈಟ್ ಸಾಕ್ಸ್ 507 ರನ್ ಹೊಡೆದು 813 ಕೊಟ್ಟಿತ್ತು. ಸೂತ್ರದ ಪ್ರಕಾರ 45 ಗೆಲುವು, ಸಿಕ್ಕದ್ದು 41. ಆ ವರ್ಷ ಜುಲೈ 10ರಿಂದ ಅವರು ಸಾಲಾಗಿ 21 ಸೋತರು. ದುರದೃಷ್ಟ ಎಂದು ಸಮಾಧಾನ ಮಾಡಿಕೊಳ್ಳಲು ನಾಲ್ಕೇ ಪಂದ್ಯದ ಜಾಗ.

ಸೋರುವುದು ಎಲ್ಲಿ

ಎಲೆ ಹಳದಿಯಾದ ತೊಗರಿ ಗಿಡ ದೂರದಿಂದ ಎಲ್ಲ ಒಂದೇ ತರ. ನೆಟೆ ರೋಗವೋ ನೀರು ನಿಂತದ್ದೋ ಗೊತ್ತಾಗಬೇಕಾದರೆ ಗಿಡ ಕಿತ್ತು ಕಾಂಡ ಸೀಳಬೇಕು. 3–7ರ ಸೋಲೂ ಹಾಗೆಯೇ, ಸ್ಕೋರು ನೋಡಿ ಕಾರಣ ಹೇಳಲಾಗದು.

ಸ್ಟಾರ್ಟರ್ ಕಾಲಂನಿಂದ ಶುರು ಮಾಡಿ. ಉದ್ದನೆಯ ಸೋಲಿನ ಸಾಲು ಹೆಚ್ಚಾಗಿ ಇಲ್ಲೇ ಬೇರು ಬಿಡುತ್ತದೆ. ತಂಡದಲ್ಲಿ 26 ಆಟಗಾರರು, ಅದರಲ್ಲಿ ಪಿಚರ್‌ಗಳು ಹೆಚ್ಚೆಂದರೆ 13. ಐವರು ಸ್ಟಾರ್ಟರ್ ಆದರೆ ಬುಲ್‌ಪೆನ್‌ಗೆ ಎಂಟು ಜನ. ಸ್ಟಾರ್ಟರ್‌ಗಳು ಆರು ಇನಿಂಗ್ಸ್ ಎಸೆದರೆ ಆರು ಪಂದ್ಯದಲ್ಲಿ ಈ ಎಂಟು ಜನರ ಪಾಲು 18 ಇನಿಂಗ್ಸ್. ನಾಲ್ಕಕ್ಕೇ ಕೈಚೆಲ್ಲಿದರೆ 30. ರಿಲೀವರ್, ಅಂದರೆ ಬುಲ್‌ಪೆನ್ನಿನ ಪಿಚರ್, ಸಾಮಾನ್ಯವಾಗಿ ಒಂದು ಇನಿಂಗ್ಸಿನ ಮನುಷ್ಯ. ಸತತ ಎರಡು ದಿನ ಎಸೆದವನನ್ನು ಮೂರನೆಯ ದಿನ ಮುಟ್ಟುವುದು ಅಪರೂಪ. ಸೋಮವಾರ ಸ್ಟಾರ್ಟರ್ ಮೂರನೇ ಇನಿಂಗ್ಸಿಗೆ ಮನೆಗೆ ಹೋದದ್ದಕ್ಕೆ ಬುಧವಾರ ಎಂಟನೇ ಇನಿಂಗ್ಸಿನಲ್ಲಿ ಮುನ್ನಡೆ ಹೋಗುತ್ತದೆ. ಟಿವಿ ಮುಂದೆ ಕೂತವರು ಬುಧವಾರದವನನ್ನು ಬೈಯುತ್ತಾರೆ.

ಇದನ್ನು ಹಿಡಿಯಲು ಎಡಪುಟದಲ್ಲಿ ರಿಲೀವರ್‌ಗಳ ಹೆಸರು ಕೆಳಗೆ ಕೆಳಗೆ ಬರೆದು, ಪ್ರತಿ ದಿನ ಎಸೆದ ಚೆಂಡುಗಳ ಸಂಖ್ಯೆ ತುಂಬಿ. 25ಕ್ಕೂ ಹೆಚ್ಚು ಎಸೆದ ದಿನದ ಸುತ್ತ ಗೋಲ ಹಾಕಿ. ಸೋತ ಪಂದ್ಯಗಳಲ್ಲಿ ‘ಆರನೇ ಇನಿಂಗ್ಸ್ ಮುಗಿದಾಗ’ ಕಾಲಂ ಮುನ್ನಡೆ ಅಥವಾ ಸಮ ತೋರಿಸಿದರೆ, ಎಡಪುಟದಲ್ಲಿ ಗೋಲಗಳು ತುಂಬಿದ್ದರೆ, ರೋಗ ಬುಲ್‌ಪೆನ್ನಿನದಲ್ಲ, ಸ್ಟಾರ್ಟರ್‌ಗಳದು. ಗೋಲಗಳೇ ಇಲ್ಲದೆ ಮುನ್ನಡೆ ಹೋಗುತ್ತಿದ್ದರೆ ಮಾತ್ರ ಬುಲ್‌ಪೆನ್ನಿಗೆ ಬೈಯಿರಿ.

ವಾಕ್ ಕಾಲಂ ಚಿಕ್ಕದು, ಸುಳ್ಳು ಹೇಳುವುದಿಲ್ಲ. ಲೀಗಿನ ಸರಾಸರಿ ಪಂದ್ಯಕ್ಕೆ ಸುಮಾರು ಮೂರು. ಐದಾರು ಬರುತ್ತಿದ್ದರೆ ಎದುರಾಳಿಗೆ ಬ್ಯಾಟ್ ಎತ್ತದೆಯೇ ಬೇಸ್ ಸಿಗುತ್ತಿದೆ, ಅದಕ್ಕೆ ಅದೃಷ್ಟ ಕಾರಣವಲ್ಲ.

ಫೀಲ್ಡಿಂಗ್ ಬಗ್ಗೆ ಎಚ್ಚರ. ಎರರ್ ಕಡಿಮೆ ಇದ್ದ ಮಾತ್ರಕ್ಕೆ ಫೀಲ್ಡಿಂಗ್ ಚೆನ್ನಾಗಿದೆ ಎಂದಲ್ಲ: ನಿಧಾನದ ಫೀಲ್ಡರ್ ತಲುಪದೇ ಬಿಟ್ಟ ಚೆಂಡು ಪುಸ್ತಕದಲ್ಲಿ ಹಿಟ್ ಆಗಿ ಬೀಳುತ್ತದೆ. ಎರರ್‌ನಿಂದ ಬಂದು ಪಿಚರ್ ಖಾತೆಗೆ ಬಾರದ ರನ್ನುಗಳನ್ನು ತಂಡ ಕೊಟ್ಟ ಒಟ್ಟು ರನ್ನಿನಿಂದ ಬೇರೆ ಮಾಡಿ ನೋಡಿ, ಆದರೆ ಒಂಬತ್ತನೇ ಇನಿಂಗ್ಸ್ ದಾಟಿದ ಪಂದ್ಯಗಳನ್ನು ಬಿಡಿ. 2020ರಿಂದ ಹೆಚ್ಚುವರಿ ಇನಿಂಗ್ಸ್ ಎರಡನೇ ಬೇಸಿನ ಮೇಲೆ ಒಬ್ಬನನ್ನು ನಿಲ್ಲಿಸಿಯೇ ಶುರುವಾಗುತ್ತದೆ. ಅವನ ರನ್ ಯಾರ ತಪ್ಪೂ ಇಲ್ಲದೆ ಆ ಲೆಕ್ಕಕ್ಕೆ ಸೇರುತ್ತದೆ.

ಬ್ಯಾಟಿಂಗ್‌ಗೆ ಒಂದೇ ಪರೀಕ್ಷೆ: ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು. ಹಿಟ್‌ಗಳಿಂದ ಹೋಮ್‌ರನ್ (ಬೇಲಿ ದಾಟಿದ ಹೊಡೆತ) ಕಳೆಯಿರಿ. ಅದನ್ನು ಭಾಗಿಸಬೇಕಾದ್ದು ಹೀಗೆ: ಅಟ್‌ಬ್ಯಾಟ್‌ಗಳಿಂದ (ವಾಕ್ ಮುಂತಾದವು ಬಿಟ್ಟು ಉಳಿದ ಬ್ಯಾಟಿಂಗ್ ಸರದಿಗಳು) ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್) ಮತ್ತು ಹೋಮ್‌ರನ್ ಕಳೆದು, ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಕೊಟ್ಟು ರನ್ ತಂದ ಹೊಡೆತ) ಕೂಡಿಸಿದ ಸಂಖ್ಯೆ. ಹತ್ತು ಪಂದ್ಯದಲ್ಲಿ 340 ಅಟ್‌ಬ್ಯಾಟ್, 70 ಹಿಟ್, 8 ಹೋಮ್‌ರನ್, 90 ಸ್ಟ್ರೈಕ್‌ಔಟ್, 2 ಸ್ಯಾಕ್ರಿಫೈಸ್ ಫ್ಲೈ ಆದರೆ 62 ಭಾಗಿಸು 244, ಅಂದರೆ 0.254. ಲೀಗಿನಲ್ಲಿ ಇದು 0.300ರ ಆಸುಪಾಸು ಇರುತ್ತದೆ. ಇಷ್ಟು ಕೆಳಗಿದ್ದು, ಬ್ಯಾಟಿನಿಂದ ಚೆಂಡು ಗಟ್ಟಿಯಾಗಿಯೇ ಹೋಗುತ್ತಿದ್ದರೆ ದಿನ ತಿರುಗುತ್ತದೆ. ನೆಲದ ಮೇಲೆ ಉರುಳುವ ಮೆತ್ತಗಿನ ಗ್ರೌಂಡರ್‌ಗಳೇ ಬೀಳುತ್ತಿದ್ದರೆ ಆಸೆ ಇಟ್ಟುಕೊಳ್ಳಬೇಡಿ. ಬೇಸ್ ಮೇಲೆ ಹನ್ನೊಂದು ಜನ ಉಳಿದ ಪಂದ್ಯ ಹೊಟ್ಟೆ ಉರಿಸುತ್ತದೆ, ಆದರೆ ಅಷ್ಟು ಜನ ಬೇಸ್ ತಲುಪಿದರಲ್ಲ, ಅದು ಒಳ್ಳೆಯ ಲಕ್ಷಣ. ಮೂವರೇ ಉಳಿದ 0–4ರ ಸೋಲು ಇದಕ್ಕಿಂತ ಕೆಟ್ಟದ್ದು.

ಮ್ಯಾನೇಜರನನ್ನು ತೆಗೆದರೆ?

ತೆಗೆದವರಿದ್ದಾರೆ. 1988ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಮೊದಲ ಆರೂ ಸೋತಾಗ ಕ್ಯಾಲ್ ರಿಪ್ಕೆನ್ ಸೀನಿಯರ್ ಅವರನ್ನು ಕಳಿಸಿ ಫ್ರಾಂಕ್ ರಾಬಿನ್ಸನ್ ಅವರನ್ನು ತಂದರು. ತಂಡ ಇನ್ನೂ ಹದಿನೈದು ಸೋತು 0–21ಕ್ಕೆ ಇಳಿಯಿತು. ಮೊದಲ ಗೆಲುವು ಏಪ್ರಿಲ್ 29ಕ್ಕೆ. ವೈಟ್ ಸಾಕ್ಸ್ 2024ರ ಆಗಸ್ಟ್ 8ರಂದು ಪೆಡ್ರೊ ಗ್ರಿಫೋಲ್ ಅವರನ್ನು ತೆಗೆದ ಮೇಲೆ ಉಳಿದ 45ರಲ್ಲಿ 13 ಗೆದ್ದರು. ಪಿಚರ್‌ಗಳು ಅವರೇ, ಬ್ಯಾಟರ್‌ಗಳು ಅವರೇ. ಶರಣಬಸವೇಶ್ವರರ ಗುಡಿಗೆ ಕಾಯಿ ಒಯ್ಯಿರಿ, ಬಂದೇನವಾಜ್ ದರ್ಗಾಕ್ಕೆ ಚಾದರ ಹೊದಿಸಿ, ಬೇಡ ಅನ್ನುವವರಾರು. ಸ್ಟಾರ್ಟರ್ ಮಾತ್ರ ಐದನೇ ಇನಿಂಗ್ಸ್ ದಾಟಬೇಕು.

ಸೋತರೆ ಮುಂದಿನ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಮೊದಲ ಹುಡುಗ ನಮಗೇ ಎಂಬ ಸಮಾಧಾನವೂ ಈಗ ಗಟ್ಟಿಯಲ್ಲ. 2023ರಿಂದ ಮೊದಲ ಆರು ಸ್ಥಾನಕ್ಕೆ ಲಾಟರಿ. 121 ಸೋತ ವೈಟ್ ಸಾಕ್ಸ್‌ಗೆ ನಿಯಮದ ತೊಡಕಿನಿಂದ 2025ರಲ್ಲಿ ಸಿಕ್ಕದ್ದು ಹತ್ತನೆಯ ಸ್ಥಾನ.

ಮೊದಲ ಗೆಲುವು ಬಂದ ದಿನ ಪುಸ್ತಕ ಮುಚ್ಚಬೇಡಿ. ಸ್ಟಾರ್ಟರ್‌ಗಳು ಸಾಲಾಗಿ ಮೂರು ಪಂದ್ಯ ಆರು ಇನಿಂಗ್ಸ್ ಮುಟ್ಟಿ, ಎಡಪುಟದ ಗೋಲಗಳು ವಾರವಿಡೀ ಒಂದೆರಡಕ್ಕೆ ಇಳಿದಾಗ ಮುಚ್ಚಿ. ಜುಲೈ ಕೊನೆಯ ವರ್ಗಾವಣೆ ಗಡುವಿನಲ್ಲಿ ತಂಡ ತನ್ನ ಒಳ್ಳೆಯ ಆಟಗಾರರನ್ನು ಮಾರಿದರೆ ಹಳೆಯ ಪುಟಗಳ ಸರಾಸರಿಯನ್ನು ಮುಂದಕ್ಕೆ ಒಯ್ಯಬೇಡಿ. ಆಗಸ್ಟಿನಿಂದ ಹೊಸ ಪುಟದಲ್ಲಿ ಸೊನ್ನೆಯಿಂದ ಬರೆಯಿರಿ, ರಿಲೀವರ್‌ಗಳ ಹೆಸರು ಅರ್ಧಕ್ಕರ್ಧ ಬದಲಾಗಿರುತ್ತವೆ.