ಹತ್ತು ಕಂಪ್ಯೂಟರ್, ನಲವತ್ತು ಮಕ್ಕಳು: ಕೀಬೋರ್ಡ್ ಎಲ್ಲರ ಕೈಗೂ ಬರುವಂತೆ ಮಾಡುವುದು ಹೇಗೆ

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುವವರಿಗೆ, ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಶಾಲೆಯಲ್ಲಿ ಲ್ಯಾಬ್ ಇದ್ದ ಮಾತ್ರಕ್ಕೆ ಮಕ್ಕಳೆಲ್ಲ ಕಂಪ್ಯೂಟರ್ ಕಲಿಯುತ್ತಿದ್ದಾರೆ ಅಂದುಕೊಳ್ಳಬೇಡಿ. ಒಂದು ಪೀರಿಯಡ್ ಸುಮ್ನೆ ಹಿಂದೆ ನಿಂತು ನೋಡಿ. ಹಾಜರಿ ಪಟ್ಟಿ ಕೈಯಲ್ಲಿರಲಿ. ಯಾರು ಕೀಬೋರ್ಡ್ ಮುಟ್ಟಿದರು, ಯಾರು ಹಿಂದಿನಿಂದ ಇಣುಕಿ ನೋಡಿ ಹಾಗೇ ಎದ್ದು ಹೋದರು ಅಂತ ಹೆಸರಿನ ಮುಂದೆ ಗುರುತು ಹಾಕುತ್ತಾ ಹೋಗಿ. ಸಾಮಾನ್ಯವಾಗಿ ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಇಬ್ಬರು ಮೂವರು ಹುಡುಗರು ಮುಂದಿನ ಸೀಟು ಹಿಡಿದಿರುತ್ತಾರೆ, ಹೆಣ್ಣುಮಕ್ಕಳು ನೋಟ್ಸ್ ಬರೆಯುತ್ತಾ ಕೂತಿರುತ್ತಾರೆ. ಯಾರೂ ಬೇಕಂತ ಮಾಡುವುದಲ್ಲ. ಹಾಗೇ ಬಿಟ್ಟರೆ ಹಾಗೇ ಆಗುತ್ತದೆ. ಆ ಪಟ್ಟಿ ಜೋಪಾನವಾಗಿ ಇಟ್ಟುಕೊಳ್ಳಿ.

ಮೊದಲು ಬೀಗದ ವಿಷಯ. ಕೆಟ್ಟುಹೋದರೆ ಯಾರು ಹೊಣೆ ಎಂಬ ಭಯಕ್ಕೇ ಎಷ್ಟೋ ಲ್ಯಾಬ್‌ಗಳು ಮುಚ್ಚಿರುತ್ತವೆ. ಆದರೆ ತಿಂಗಳುಗಟ್ಟಲೆ ಚಾರ್ಜ್ ಆಗದೆ ಬಿದ್ದಿದ್ದರೆ ಯುಪಿಎಸ್ ಬ್ಯಾಟರಿ ಯಾರೂ ಮುಟ್ಟದೆಯೇ ಹಾಳಾಗುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಎತ್ತಿ. ಪಾಠ ಮಾಡುವಾಗ ಕೆಟ್ಟರೆ ರಿಪೇರಿ ಶಾಲೆಯ ಖರ್ಚಿನಲ್ಲಿ, ಮೇಷ್ಟ್ರ ಜೇಬಿನಿಂದ ಅಲ್ಲ ಅಂತ ನಡಾವಳಿಯಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ಕಂಪ್ಯೂಟರ್ ಕ್ಲಾಸನ್ನು ಶಾಲೆ ಬಿಟ್ಟ ಮೇಲೆ ಇಡಬೇಡಿ. ಸಂಜೆ ಇಟ್ಟರೆ ಹಳ್ಳಿಗೆ ಬಸ್ ಹಿಡಿಯಬೇಕಾದವರು, ಮನೆಗೆಲಸ ಕಾಯುತ್ತಿರುವ ಹುಡುಗಿಯರು, ಹಾಸ್ಟೆಲ್ ಹಾಜರಿಗೆ ಹೋಗಬೇಕಾದವರು ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ, ಊರಿನಲ್ಲೇ ಮನೆ ಇರುವವರು ಮಾತ್ರ ಉಳಿಯುತ್ತಾರೆ, ಆಮೇಲೆ ನಾವು ಆಸಕ್ತಿ ಇರುವವರು ಬಂದರು ಅನ್ನುತ್ತೇವೆ. ವೇಳಾಪಟ್ಟಿಯೊಳಗೇ ಹಾಕಿಸಿ.

ಇನ್ನು ಕೂರಿಸುವ ರೀತಿ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದು ಇದೇ. ಹತ್ತು ಕಂಪ್ಯೂಟರಿಗೆ ಇಪ್ಪತ್ತು ಮಕ್ಕಳು ಒಳಗೆ, ಇಪ್ಪತ್ತು ಮಕ್ಕಳು ಹೊರಗೆ, ಅರ್ಧ ಪೀರಿಯಡ್ ಆದ ಮೇಲೆ ಅದಲುಬದಲು. ಒಳಗಿನ ಜೋಡಿಯಲ್ಲಿ ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಬಾಯಲ್ಲಿ ಹೇಳಬೇಕು, ಹೇಳುವವರು ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಹತ್ತು ನಿಮಿಷಕ್ಕೆ ಚಪ್ಪಾಳೆ ತಟ್ಟಿ, ಜಾಗ ಬದಲಾಗಲಿ. ಗೊತ್ತಿರುವವನನ್ನು ಗೊತ್ತಿಲ್ಲದವಳ ಪಕ್ಕ ಕೂರಿಸಿದರೆ ಕಲಿಸುತ್ತಾನೆ ಅಂದುಕೊಳ್ಳುತ್ತೇವೆ, ಅಲ್ವಾ? ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತಾನೆ. ಗೊತ್ತಿರುವವರನ್ನು ಒಟ್ಟಿಗೆ ಕೂರಿಸಿ, ಕಷ್ಟದ ಲೆಕ್ಕ ಕೊಡಿ. ಅಮೆರಿಕದ ಹಾರ್ವಿ ಮಡ್ ಕಾಲೇಜು 2006ರ ಆಸುಪಾಸಿನಲ್ಲಿ ಕಂಪ್ಯೂಟರ್ ಸೈನ್ಸಿನ ಮೊದಲ ಕೋರ್ಸನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬದಲಾಯಿಸಿತು, ಮೊದಲೇ ಕೋಡಿಂಗ್ ಗೊತ್ತಿದ್ದವರನ್ನು ಹೊಸಬರಿಂದ ಬೇರೆ ಕೂರಿಸಿತು. ಇಂಥ ಕೆಲವು ಬದಲಾವಣೆಗಳಿಂದ ಅಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿಯರ ಪಾಲು ಕೆಲವೇ ವರ್ಷಗಳಲ್ಲಿ ಸುಮಾರು ಶೇ 10ರಿಂದ ಶೇ 40ಕ್ಕೆ ಏರಿತು.

ಹೊರಗಿನವರು ಆಟ ಆಡಿಕೊಂಡಿರಲಿ ಅಂತ ಬಿಡಬೇಡಿ, ಅವರಿಗೂ ಅದೇ ಪಾಠ. ನ್ಯೂಜಿಲೆಂಡ್‌ನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದವರ ‘ಸಿಎಸ್ ಅನ್‌ಪ್ಲಗ್ಡ್’ ಚಟುವಟಿಕೆಗಳು ಉಚಿತ, ಕರೆಂಟ್ ಬೇಡ. ಐದು ಮಕ್ಕಳಿಗೆ 16, 8, 4, 2, 1 ಚುಕ್ಕಿಯ ಕಾರ್ಡ್ ಕೊಡಿ. ಕಾರ್ಡ್ ತೋರಿಸಿದರೆ 1, ಮುಚ್ಚಿದರೆ 0. ಕಾಣುವ ಚುಕ್ಕಿಗಳನ್ನು ಕೂಡಿದರೆ ಸಂಖ್ಯೆ. ಸೊನ್ನೆಯಿಂದ 31ರವರೆಗೆ ಎಲ್ಲ ಸಂಖ್ಯೆಯನ್ನೂ ಅವರೇ ಮಾಡಿ ತೋರಿಸುತ್ತಾರೆ. ಲೋಡ್‌ಶೆಡ್ಡಿಂಗ್ ದಿನ ಇದೇ ಇಡೀ ಪಾಠ.

ಮುಂದಿನ ಅಡ್ಡಿ ಭಾಷೆ. ಕನ್ನಡ ಮಾಧ್ಯಮದ ಮಗುವಿಗೆ ಲಾಜಿಕ್ ಕಷ್ಟವಲ್ಲ, ಇಂಗ್ಲಿಷ್ ಹೆಸರುಗಳು ಕಷ್ಟ. 2008ರಲ್ಲಿ ಬಂದ ಪೈಥಾನ್ 3ರಿಂದ ವೇರಿಯಬಲ್ ಹೆಸರನ್ನು, ಅಂದರೆ ಪ್ರೋಗ್ರಾಂನಲ್ಲಿ ಸಂಖ್ಯೆ ಇಟ್ಟುಕೊಳ್ಳುವ ಹೆಸರನ್ನು, ಕನ್ನಡದಲ್ಲೇ ಬರೆಯಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯಲ್ಲಿ ಮೆಕ್ಕೆಜೋಳವೋ ಶೇಂಗಾವೋ ಮಾರಿರುತ್ತಾರೆ, ಮಂಡಿ ಲೆಕ್ಕವನ್ನೇ ಕೊಡಿ:

ಒಟ್ಟು = ಚೀಲ * ದರ - ಹಮಾಲಿ

ಇದು ನಿಜವಾಗಿಯೂ ಓಡುತ್ತದೆ. ಚೀಲ, ದರ, ಹಮಾಲಿಗೆ ಮೊದಲೇ ಒಂದೊಂದು ಸಂಖ್ಯೆ ಕೊಟ್ಟಿರಬೇಕು ಅಷ್ಟೇ. ಅಂಕಿಗಳನ್ನು 1, 2, 3 ಅಂತಲೇ ಹಾಕಿ, ೧, ೨, ೩ ಹಾಕಿದರೆ ಎರರ್. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಟೈಪ್ ಮಾಡುವುದಾದರೆ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಿ, ಹಳೆಯ ಫಾಂಟ್ ನಡೆಯುವುದಿಲ್ಲ. ಇಫ್, ಫಾರ್, ಪ್ರಿಂಟ್ ಅನ್ನುವ ಪೈಥಾನ್ ಪದಗಳು ಇಂಗ್ಲಿಷಿನಲ್ಲೇ ಇರುತ್ತವೆ. ಪದೇ ಪದೇ ಬರುವ ಎರರ್ ಸಂದೇಶಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಇಂಗ್ಲಿಷನ್ನು ನಿಧಾನವಾಗಿ ತನ್ನಿ, ಬಿಡಬೇಡಿ.

ಕಣ್ಣು ಕಾಣದ ಮಗು ಇದ್ದರೆ ಎನ್‌ವಿಡಿಎ ಹಾಕಿಸಿ. ವಿಂಡೋಸ್‌ನಲ್ಲಿ ಪರದೆ ಓದಿ ಹೇಳುವ ಉಚಿತ ತಂತ್ರಾಂಶ, ಕನ್ನಡವನ್ನೂ ಓದುತ್ತದೆ. ಹೆಡ್‌ಫೋನ್ ಒಂದು ಬೇಕು.

ನಿಮಗೇ ಕಲಿಯಬೇಕಿದ್ದರೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ವಿಡಿಯೊ ಪಾಠ ಕನ್ನಡದಲ್ಲೂ ಸಿಗುತ್ತದೆ, ನೆಟ್ ಇರುವ ಕಡೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತನ್ನಿ. ದಾವಣಗೆರೆಯ ಯುಬಿಡಿಟಿ, ಬಿಐಇಟಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಚಾರಿಸಿ, ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಸೇರಿದ ಹುಡುಗಿ ಸಿಕ್ಕರೆ ಒಂದು ಶನಿವಾರ ಕರೆಸಿ. ಭಾಷಣ ಬೇಡ. ಮಕ್ಕಳ ಜೊತೆ ಕೂತು ಒಂದು ಪ್ರೋಗ್ರಾಂ ಬರೆಯಲಿ.

ಪರೀಕ್ಷೆಗೆ ಮುಂಚೆ ಮೊದಲ ದಿನದ ಪಟ್ಟಿ ತೆಗೆದು ಮತ್ತೆ ಗುರುತು ಹಾಕಿ, ಇನ್ನೂ ಖಾಲಿ ಇರುವ ಹೆಸರುಗಳಿಗೆ ಮುಂದಿನ ವಾರ ಮೊದಲ ಸರದಿ. ಹತ್ತನೇ ಕ್ಲಾಸಿನವರಿಗೆ ಇನ್ನೊಂದು ಕೆಲಸ ಇದೆ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರುವುದು ಸೈನ್ಸ್‌ನ ಪಿಸಿಎಂಸಿಯಲ್ಲಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಮಾತ್ರ ಅಲ್ಲ, ಕಾಮರ್ಸ್‌ನ ಸಿಇಬಿಎಯಲ್ಲೂ (ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಇದೆ ಅಂತ ಮನೆಯವರಿಗೆ ಗೊತ್ತಿರುವುದಿಲ್ಲ. ಸುತ್ತಲಿನ ಯಾವ ಸರ್ಕಾರಿ ಪಿಯು ಕಾಲೇಜಿನಲ್ಲಿ ಈ ಕಾಂಬಿನೇಷನ್ ಇದೆ, ಫೀಸ್ ಎಷ್ಟು, ಬಸ್ ಎಷ್ಟು ಹೊತ್ತಿಗೆ ಅಂತ ಫೋನ್ ಮಾಡಿ ಕೇಳಿ, ರಿಸಲ್ಟ್ ಬರುವ ಮುಂಚೆಯೇ ನೋಟಿಸ್ ಬೋರ್ಡಿಗೆ ಹಾಕಿ, ಪೋಷಕರ ಸಭೆಯಲ್ಲಿ ಓದಿ ಹೇಳಿ.