ಒಂದು ಭಾನುವಾರ ಅಪ್ಪ ಅಮ್ಮನ ಫೋನ್ ಹಿಡಿದು ಕೂರಿ

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನ ವಾಟ್ಸಾಪ್ ನೋಡಿದೆ. ಜೆರಾಕ್ಸ್ ಅಂಗಡಿಯ ನಂಬರಿಗೆ ಮನೆಯ ಐದೂ ಜನರ ಆಧಾರ್, ಪಾಸ್‌ಬುಕ್, ಸೈಟಿನ ಪತ್ರ ಎಲ್ಲ ಹೋಗಿತ್ತು. ಪ್ರಿಂಟ್ ತೆಗೆಸೋಕೆ ಕಳಿಸಿದ್ದು, ಅಷ್ಟೆ. ಅಂಗಡಿಯವರು ಒಳ್ಳೆಯವರೇ. ಆದರೆ ಅಲ್ಲಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ಬೆಳಗಿಂದ ರಾತ್ರಿವರೆಗೆ ತೆರೆದೇ ಇರುತ್ತದೆ, ಡೌನ್‌ಲೋಡ್ ಫೋಲ್ಡರಿನಲ್ಲಿ ಅರ್ಧ ಊರಿನ ದಾಖಲೆ ಬಿದ್ದಿರುತ್ತದೆ. ಹ್ಯಾಕರ್ ಯಾಕೆ ಬೇಕು, ನಾವೇ ಕಳಿಸ್ತೀವಲ್ಲ!

ಅದಕ್ಕೆ ಮೊದಲು ಆಧಾರ್ ಸರಿಮಾಡಿ. ಮೈಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ 'ಮಾಸ್ಕ್ಡ್ ಆಧಾರ್' ಅಂತ ಟಿಕ್ ಮಾಡಿದರೆ ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಲಾಡ್ಜ್, ಬಾಡಿಗೆ ಮನೆ ಇಂಥ ಕಡೆ ಮೊದಲು ಇದನ್ನೇ ಕೊಟ್ಟು ನೋಡಿ. ಜೆರಾಕ್ಸ್ ಅಂಗಡಿಗೆ ಕಳಿಸಲೇಬೇಕಾದರೆ ಪ್ರಿಂಟ್ ಬಂದ ಮೇಲೆ ಅಲ್ಲೇ ನಿಂತು "ಅದನ್ನ ಡಿಲೀಟ್ ಮಾಡಿಬಿಡಿ ಅಣ್ಣ" ಅನ್ನಿ. ನಿಮ್ಮ ಫೋನಿನಲ್ಲಿ 'ಡಿಲೀಟ್ ಫಾರ್ ಎವರಿವನ್' ಒತ್ತಿದ ಮಾತ್ರಕ್ಕೆ ಅವರ ಕಂಪ್ಯೂಟರಿಗೆ ಇಳಿದ ಫೈಲ್ ಹೋಗುವುದಿಲ್ಲ.

ಇನ್ನು ಹೆಬ್ಬೆಟ್ಟು. ಇದನ್ನು ಜಾಸ್ತಿ ಜನ ಬಿಟ್ಟುಬಿಡ್ತಾರೆ. ಆಧಾರ್ ಮೂಲಕ ದುಡ್ಡು ತೆಗೆಯಲು ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು, ಓಟಿಪಿ ಕೇಳುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ಜನರ ಖಾತೆಯಿಂದ ದುಡ್ಡು ಎಳೆದಿದ್ದರು. ಹಾಗಾಗಿ ಅದೇ ಮೈಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಿ. ಒಂದು ವಿಷಯ ನೆನಪಿರಲಿ, ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ರೇಷನ್ ತರುವ ದಿನ ಅನ್‌ಲಾಕ್ ಮಾಡಿಕೊಡಬೇಕು, ಇಲ್ಲದಿದ್ದರೆ ಅಮ್ಮ ಕ್ಯೂನಲ್ಲಿ ನಿಂತು ನಿಮಗೆ ಬೈತಾರೆ.

ವಾಟ್ಸಾಪ್‌ನಲ್ಲಿ ಕೆಲಸ ಹತ್ತು ನಿಮಿಷದ್ದು. ಪ್ರೈವೆಸಿಗೆ ಹೋಗಿ ಪ್ರೊಫೈಲ್ ಫೋಟೋ, ಗ್ರೂಪ್ಸ್ ಎರಡನ್ನೂ 'ಮೈ ಕಾಂಟ್ಯಾಕ್ಟ್ಸ್' ಮಾಡಿ. ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಲಾಗ್‌ಔಟ್ ಒತ್ತಿ. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 6 ಅಂಕಿಯ ಪಿನ್ ಇಡಿ. ಅಮ್ಮ ಅದನ್ನು ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟಿದ್ದಾರೆ. ನಾನೇನೂ ಅನ್ನಲಿಲ್ಲ, ಅದನ್ನು ಓದಬೇಕಾದರೆ ಕಳ್ಳ ಅಡುಗೆಮನೆಗೇ ಬರಬೇಕು. ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಬಂದರೆ ಮಾತ್ರ ಮುಟ್ಟಲೇಬೇಡಿ ಅಂತ ಎರಡು ಸಲ ಹೇಳಿದೆ. ಕರೆಯೋಲೆ ಫೋಟೋ ಅಥವಾ ಪಿಡಿಎಫ್ ಆಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ.

ಕಷ್ಟದ ಭಾಗ ಸೆಟ್ಟಿಂಗ್ಸ್ ಅಲ್ಲ, ನೆಂಟರು. ಮಗಳ ಮೊದಲ ದಿನದ ಶಾಲೆಯ ಫೋಟೋ ನಮ್ಮತ್ತೆ ಫೇಸ್‌ಬುಕ್ಕಿಗೆ ಹಾಕಿದ್ದರು, ಅದೂ ಪಬ್ಲಿಕ್ ಆಗಿ. ಸಮವಸ್ತ್ರದ ಮೇಲೆ ಶಾಲೆಯ ಹೆಸರು, ಕೊರಳಲ್ಲಿ ಐಡಿ ಕಾರ್ಡ್, ಕೆಳಗೆ ಮಗುವಿನ ಪೂರ್ತಿ ಹೆಸರು. ಗ್ರೂಪಿನಲ್ಲಿ ಎಲ್ಲರೆದುರು ಹೇಳಿದರೆ ಮುಖ ಊದುತ್ತದೆ. ಫೋನ್ ಮಾಡಿ, "ಅತ್ತೆ, ಫೋಟೋ ತುಂಬಾ ಚೆನ್ನಾಗಿದೆ, ಆದ್ರೆ ಶಾಲೆ ಹೆಸರು ಕಾಣ್ತಿದೆ, ಅದೊಂದು ಕತ್ತರಿಸಿ ಫ್ರೆಂಡ್ಸ್‌ಗೆ ಮಾತ್ರ ಹಾಕ್ತೀರಾ?" ಅಂದೆ. ಹಾಕಿದರು. ಟೂರ್ ಫೋಟೋಗಳನ್ನೂ ವಾಪಸ್ ಬಂದ ಮೇಲೆ ಹಾಕಿ, ಮನೆಗೆ ಬೀಗ ಬಿದ್ದಿದೆ ಅಂತ ಸುಮ್ನೆ ಯಾಕೆ ಸಾರಬೇಕು.

"ಮುಚ್ಚಿಡೋಕೆ ನಮ್ಮ ಹತ್ರ ಏನಿದೆ" ಅಂತ ಅಪ್ಪ ರಾಗ ಎಳೆದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ, ಕೇಸು ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು ಅಂದೆ. ಅಪ್ಪನಿಗೆ ಈಗ ಎಪ್ಪತ್ತೊಂದು. ಕನ್ನಡಕ ಹಾಕಿಕೊಂಡು ಫೋನ್ ಮುಂದಕ್ಕೆ ಚಾಚಿದರು.

ಅಲ್ಲೇ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಅವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿದೆವು. ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನು ಇಬ್ಬರ ಫೋನಿನಲ್ಲೂ 'ದುಡ್ಡು ಹೋದ್ರೆ ತಕ್ಷಣ' ಅನ್ನೋ ಹೆಸರಿನಲ್ಲಿ ಸೇವ್ ಮಾಡಿಟ್ಟು ಬಂದೆ.